ಎಡಕ್ಕೆ ಓರೆಯಾದ ಹಿತ್ತಲು

ಊರಿನ ಐಸ್ ಹಾಕಿ ಅಂಕಣದ ಕ್ಯಾಂಟೀನಿನಲ್ಲಿ ಕಾಫಿಗೆ ನಿಂತಿದ್ದ ಲೋರ್ನಾಳಿಗೆ ಮುಂದಿದ್ದ ಗ್ಲೆನ್ ಮತ್ತು ವಾಲ್ಟ್ ಇಬ್ಬರ ಮಾತು ಬೇಡವೆಂದರೂ ಕೇಳಿಸುತ್ತಿತ್ತು.

"ನಿನ್ನ ಮಗಳನ್ನ ಪ್ರಾಂತ್ಯದ ತಂಡದ ಗೋಲ್‌ಕೀಪರ್ ಜಾಗಕ್ಕೆ ನೋಡ್ತಿದ್ದಾರಂತಲ್ಲೋ ವಾಲ್ಟ್?"

"ಹೂಂ ಕಣೋ. ಎಡಗಡೆ ಜಾರಿ ಬರೋ ಹಾಕಿ ಬಿಲ್ಲೆನ ನಮ್ಮ ಬ್ರಿನ್ ಥರ ಹಿಡಿಯೋರೇ ಇಲ್ವಂತೆ. ಯಾರು ಕಲಿಸಿದ್ದು ಅಂದ್ರು. ನಾನೇ ಅಂದೆ."

"ನೀನಾ? ನಿಂಗೆ ಸ್ಕೇಟ್ ಹಾಕ್ಕೊಂಡು ನಿಲ್ಲಕ್ಕೂ ಬರಲ್ವಲ್ಲೋ!"

"ಹಿತ್ತಲಿಗೆ ನೀರು ಹಾಯ್ಸಿ ಹೆಪ್ಪುಗಟ್ಟಿಸ್ದೋನು ನಾನೇ ತಾನೇ? ಮಟ್ಟ ನೋಡ್ಲಿಲ್ಲ. ಮಂಜುಗಡ್ಡೆಯೆಲ್ಲ ಎಡಕ್ಕೆ ಓರೆ."

"ಸರಿ ಮಾಡ್ಬಾರ್ದಿತ್ತಾ?"

"ಪ್ರತಿ ಚಳಿಗಾಲ ಸರಿ ಮಾಡ್ದೆ. ಅದಕ್ಕೇ ಓರೆ ಜಾಸ್ತಿ ಆಯ್ತು."

ಗ್ಲೆನ್ ನಕ್ಕ. "ಮತ್ತೆ ಬಲಗಡೆ?"

"ಸೊನ್ನೆ. ಎರಡು ವಾರ ಟೈಮ್ ಕೊಟ್ಟಿದ್ದಾರೆ. ಅಷ್ಟರಲ್ಲಿ ಕಲೀದಿದ್ರೆ ಬೇರೆಯವಳನ್ನ ತಗೋತಾರಂತೆ."

"ಅಯ್ಯೋ, ಈಗೇನ್ ಗತಿ?"

"ಗೋಲಿನ ಬಲೆ ಎತ್ತಿ ಹಿತ್ತಲಿನ ಆ ತುದೀಲಿ ಇಟ್ಟಾಯ್ತು. ತಿರುಗಿ ನಿಂತ್ರೆ ಓರೆ ಬಲಕ್ಕೇ ತಾನೇ?"

"ಪರವಾಗಿಲ್ವೇ! ಇಷ್ಟು ವರ್ಷ ಆದ್ಮೇಲಾದ್ರೂ ಹೊಳೀತಲ್ಲ ನಿಂಗೆ."

"ನಂಗೆಲ್ಲಿ ಹೊಳೀತು? ಬ್ರಿನ್‌ಗೆ ಹೊಳೆದಿದ್ದು."

"ನೀನೇನ್ ಮಾಡ್ತಿದ್ದೆ, ಕೋಚ್ ಸಾಹೇಬ್ರೇ?"

ವಾಲ್ಟ್ ಎರಡೂ ಕಾಫಿ ಎತ್ತಿಕೊಂಡು ಬಾಗಿಲ ಕಡೆ ಹೊರಟ.

"ಮತ್ತೆ ಮಟ್ಟ ಮಾಡಕ್ಕೆ ಹೊರಟಿದ್ದೆ. ಕೈಯಿಂದ ನೀರಿನ ಪೈಪ್ ಕಿತ್ಕೊಂಡ್ಲು."