ದೊಡ್ಡಮ್ಮನ ಮಂಚದ ಬೆಲ್ಲು

ಹೆದರಿಕೆ ಆದ್ರೆ ಲೈಟು ಹಾಕ್ಕೊಳ್ಳಿ, ಆದ್ರೆ ಮಧ್ಯೆ ಬಾಯಿ ಹಾಕಬೇಡಿ. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ವೈರಿಂಗ್ ಕೆಲಸದವನು. ಜೇಬಲ್ಲಿ ಸದಾ ಟೆಸ್ಟರ್ ಇಟ್ಕೊಂಡಿರ್ತಾನೆ ಅಂತ ಎಲ್ಲರೂ ಅವನನ್ನ ಟೆಸ್ಟರ್ ಅಂತಲೇ ಕರೆಯೋದು.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಹಾಳುಬಾವಿ ಪಕ್ಕದ ದಾರೀಲಿ ಒಬ್ಬನೇ ಮನೆಗೆ ನಡ್ಕೊಂಡು ಬರ್ತಿದ್ದ. ಭಯ ಗಿಯ ಏನಿಲ್ಲ... ಮೈಯೆಲ್ಲ ಸಿಟ್ಟು. ಹಗಲು ಎಲೆಕ್ಟ್ರಿಕ್ ಅಂಗಡೀಲಿ ನಾಲ್ಕು ಜನರ ಎದುರಿಗೆ ಮಾತು ಬಂದಿತ್ತು. ಬಟ್ಟೆ ಶೋರೂಮಿನ ಯಜಮಾನ ಕಂಡಕಂಡವರಿಗೆಲ್ಲ ಹೇಳ್ತಿದ್ದಾನಂತೆ, ಇವನು ಹಾಕಿದ ಬೆಲ್ ಕೆಟ್ಟು ತನ್ನ ತಾಯಿ ಸತ್ತಳು ಅಂತ. ಆಗಲೇ ಎರಡು ಮನೆಯವರು ಕೆಲಸಕ್ಕೆ ಬರಬೇಡ ಅಂದಿದ್ರು. ಹೊಟ್ಟೆ ಉರಿಯದೆ ಇರುತ್ತಾ ಹೇಳಿ.

ನಡೆದದ್ದೇ ಬೇರೆ. ಆ ಯಜಮಾನನ ಮನೇಲಿ ಎಲ್ಲಾ ಫೋನಿನಲ್ಲೇ ನಡೆಯೋ ಹಾಗೆ ಮಾಡಿಕೊಟ್ಟವನು ಇವನೇ. ಹದಿನೆಂಟು ದಿನದ ಕೆಲಸ. ಹಳೇ ಸ್ವಿಚ್ಚೆಲ್ಲ ಕಿತ್ತು, ದೀಪ, ಫ್ಯಾನು, ಗೇಟು, ಪರದೆ ಎಳೆಯೋ ಮೋಟರು, ಒಂದೊಂದಕ್ಕೂ ಆ್ಯಪ್‌ನಲ್ಲಿ ಹೆಸರು ಕೊಟ್ಟು ಕೂರಿಸಿದ್ದ. ಕೊನೆಗೆ ಹಿಂದಿನ ಕೋಣೇಲಿ, ಯಜಮಾನನ ತಾಯಿಯ ಮಂಚಕ್ಕೆ, ಒಂದು ದುಂಡನೆ ಬಟನ್. ಆಕೆಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿತ್ತು. ದನಿ ಪಕ್ಕದಲ್ಲಿ ಕೂತವರಿಗಷ್ಟೇ ಕೇಳೋದು. ಬಟನ್ ಒತ್ತಿದ್ರೆ ಮಹಡಿ ಮೇಲೆ ಮಗನ ಕೋಣೇಲಿ ಟಿಣ್... ಟೊಣ್... ಇವನೇ ಆಕೆಯ ಎಡಗೈ ಹೆಬ್ಬೆರಳು ಹಿಡಿದು ಕಲಿಸಿದ್ದ. "ದೊಡ್ಡಮ್ಮಾ, ಸಾಕು" ಅಂದ್ರೂ ಬಿಡದೆ ನಕ್ಕೊಂಡು ನಕ್ಕೊಂಡು ಏಳು ಸಲ ಒತ್ತಿದ್ರಂತೆ.

ಮೂರನೇ ದಿನಕ್ಕೆ ಯಜಮಾನನ ಫೋನು. ರಾತ್ರಿಯೆಲ್ಲ ಒತ್ತುತ್ತಾಳೆ, ನೀರು ಅಂತಾಳೆ, ಮಗ್ಗುಲು ಬದಲಿಸು ಅಂತಾಳೆ, ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಬೆಲ್ ಹೊಡೀದ ಹಾಗೆ ಮಾಡು ಅಂದ. ಹೆತ್ತ ತಾಯಿ ಸ್ವಾಮೀ! ಅದು ಗೇಟಿನ ಬೆಲ್ ಅಲ್ಲ ಸಾರ್ ಅಂತ ಟೆಸ್ಟರ್ ಎರಡೆರಡು ಸಲ ಹೇಳಿದ. ನಿನಗ್ಯಾಕೆ ಅಧಿಕಪ್ರಸಂಗ, ಹೇಳಿದಷ್ಟು ಮಾಡು ಅಂದ ಆ ಮಹಾನುಭಾವ. ಇವನೂ ಮಾಡಿದ. ಆ್ಯಪ್‌ನಲ್ಲಿ 'ನಿಶ್ಶಬ್ದ' ಅಂತ ಇರುತ್ತೆ, ಎಷ್ಟರಿಂದ ಎಷ್ಟರವರೆಗೆ ಅಂತ ತುಂಬಿಸಿದ್ರೆ ಮುಗೀತು. ಒಂದು ನಿಮಿಷದ ಕೆಲಸ. ಹತ್ತು ದಿನ ಕಳೆದಿರಲಿಲ್ಲ, ಒಂದು ರಾತ್ರಿ ಯಾವ ಹೊತ್ತಿನಲ್ಲೋ ದೊಡ್ಡಮ್ಮ ಹೋಗಿಬಿಟ್ಟಿದ್ರು. ಯಜಮಾನನ ಮೇಲೆ ಎಷ್ಟು ಸಿಟ್ಟೋ, ತನ್ನ ಮೇಲೂ ಅಷ್ಟೇ ಸಿಟ್ಟು ಇವನಿಗೆ.

ಬಾವಿಕಟ್ಟೆ ಹತ್ತಿರ ಬಂದಾಗ ಜೇಬಲ್ಲಿ... ಟಿಣ್. ಟೊಣ್.

ನಿಂತ. ಕೆಲಸ ಸರಿಯಾಗಿದೆಯಾ ನೋಡೋಕೆ ಅಂತ ತನ್ನ ಫೋನನ್ನೂ ಆ ಮನೆಯ ಆ್ಯಪ್‌ಗೆ ಸೇರಿಸಿದ್ದ, ತೆಗೆಯೋದು ಮರೆತಿದ್ದ. ಫೋನಿನ ಪರದೆ ಮೇಲೆ 'ಅಮ್ಮನ ಮಂಚ' ಅಂತ ಬಂದಿತ್ತು. ಮತ್ತೆ ಟಿಣ್. ಟೊಣ್. ಯಾರೋ ಬೇಕಂತಲೇ ಆಟ ಆಡಿಸ್ತಿದ್ದಾರೆ ಅಂತ ರೇಗಿಹೋಯ್ತು. ಇವತ್ತು ಇದ್ದದ್ದು ಇದ್ದ ಹಾಗೆ ಹೇಳಿಯೇ ಬಿಡ್ತೀನಿ ಅಂದ್ಕೊಂಡು, ತಿರುಗಿ ನೆಟ್ಟಗೆ ಆ ಮನೆಗೇ ಹೋದ.

ಗೇಟು ತೆಗೆದದ್ದು ಯಜಮಾನನ ತಂಗಿ. ತಾಯಿ ಹೋದ ಸುದ್ದಿ ಕೇಳಿ ಬಂದವಳು ಇನ್ನೂ ಅಲ್ಲೇ ಇದ್ದಳು. ಮನೇಲಿ ಸದ್ದೇ ಇಲ್ಲ. ಬೆಲ್ ಕೇಳ್ತಿದ್ದದ್ದು ಇವನ ಜೇಬಲ್ಲಿ ಮಾತ್ರ. ಫೋನು ತೋರಿಸಿದ.

"ಅಮ್ಮನ ಕೋಣೆಗೆ ಬೀಗ ಹಾಕಿದೆ," ಪಿಸುಗುಟ್ಟಿದಳು. "ಕೀಲಿ ನನ್ನ ಹತ್ರಾನೇ ಇದೆ..." ಆಮೇಲೆ, "ಬೆಲ್ ಕೆಟ್ಟಿತ್ತು ಅಂತಾನೆ ಅಣ್ಣ. ಹೌದಾ?"

"ಕೆಟ್ಟಿರಲಿಲ್ಲ ಅಕ್ಕಾ. ರಾತ್ರಿ ಹೊಡೀದ ಹಾಗೆ ಮಾಡಿಸಿದ್ರು. ಮಾಡಿದ್ದು ನಾನೇ."

ಅಷ್ಟರಲ್ಲಿ ಮಹಡಿ ಮೇಲೆ, ಯಜಮಾನನ ಕೋಣೇಲಿ, ಶುರುವಾಯ್ತು. ಫೋನಿನದಲ್ಲ, ಗೋಡೆಯ ಬೆಲ್ಲು. ಟಿಣ್... ಟೊಣ್... ಸ್ವಲ್ಪ ಬಿಡುವು. ಮತ್ತೆ ಟಿಣ್... ಟೊಣ್... ಬೆರಳು ಎತ್ತೋಕಾಗದವರು ಎತ್ತಿ ಎತ್ತಿ ಒತ್ತಿದ ಹಾಗೆ.

ಯಜಮಾನ ಬನಿಯನ್ನಲ್ಲೇ ದಡದಡ ಮೆಟ್ಟಿಲಿಳಿದು ಬಂದ. ಇವನನ್ನ ಕಂಡದ್ದೇ ತಡ, ಕೊರಳಪಟ್ಟಿಗೆ ಕೈ ಹಾಕಿದ. ಇದೆಲ್ಲ ನಿಂದೇ ಕಿತಾಪತಿ, ಮೊದಲು ಆಫ್ ಮಾಡು ಅಂತ ಬಾಯಿಗೆ ಬಂದ ಹಾಗೆ ಬೈದ. ಟೆಸ್ಟರ್ ಫೋನನ್ನ ಅವನ ಮುಖಕ್ಕೇ ಹಿಡಿದ. ಹನ್ನೊಂದರಿಂದ ಆರು, ನಿಶ್ಶಬ್ದ.

"ಆಫ್ ಆಗಿಯೇ ಇದೆ ಸಾರ್. ನೀವು ಹೇಳಿದ ಹಾಗೇ."

ಟಿಣ್. ಟೊಣ್.

"ಅವತ್ತು ಎಷ್ಟು ಸಲ ಒತ್ತಿದಳೋ ಅಮ್ಮ," ಅಂದಳು ತಂಗಿ.

ಯಜಮಾನನ ಕೈ ಸಡಿಲವಾಯ್ತು. ಮೆಟ್ಟಿಲ ಮೇಲೇ ಕೂತುಬಿಟ್ಟ. "ನನಗೆ ನಿದ್ದೆ ಬೇಕಿತ್ತು ಕಣೇ," ಅಂದ.

"ಹೋಗು ಹಾಗಾದ್ರೆ. ಮಲಗು."

ಅಷ್ಟೇ ಅವಳು ಅಂದದ್ದು. ದನಿ ಏರಿಸಲೂ ಇಲ್ಲ. ಹಿಂದಿನ ಕೋಣೆಗೆ ಹೋಗಿ ಬೀಗ ತೆಗೆದಳು... ಕಟಕ್. ಕತ್ತಲೊಳಗೆ ಕಾಲಿಡ್ತಾ, "ಬಂದೆ ಅಮ್ಮಾ," ಅಂದಳು.

ಬೆಲ್ ನಿಂತಿತು.

ಒಳಗೆ ಹಾಸಿಗೆ ಸುತ್ತಿಟ್ಟ ಬರೀ ಮಂಚ. ಬೇರೆ ಯಾರೂ ಇಲ್ಲ. ಈ ಬಟನ್ ಈಗಲೇ ಬಿಚ್ಚಿ ತಗೊಂಡು ಹೋಗು ಅಂದಳು ತಂಗಿ. ಬಿಚ್ಚಿ ತಂದ. ಮಾರನೇ ದಿನ ಅವಳೇ ಎಲೆಕ್ಟ್ರಿಕ್ ಅಂಗಡಿಗೆ ಬಂದು, ಬೆಲ್ ಕೆಟ್ಟಿರಲಿಲ್ಲ, ನಮ್ಮಣ್ಣನೇ ನಿಲ್ಲಿಸಿದ್ದು ಅಂತ ಎಲ್ಲರೆದುರಿಗೂ ಹೇಳಿ ಹೋದಳು. ಇವನ ಹೋದ ಹೆಸರೇನೋ ಬಂತು, ಸಿಟ್ಟು ಮಾತ್ರ ಇಳಿದಿಲ್ಲ. ಈಗ ಯಾರಾದ್ರೂ ಮಂಚದ ಬೆಲ್ಲಿಗೆ ನಿಶ್ಶಬ್ದ ಹಾಕು ಅಂದ್ರೆ ಸಾಮಾನು ಕಟ್ಕೊಂಡು ಎದ್ದು ಬಂದುಬಿಡ್ತಾನೆ.

ನಗಬೇಡಿ. ಆ ಬಟನ್ ಇವತ್ತಿಗೂ ಅವನ ಮನೆ ಕಬ್ಬಿಣದ ಬೀರುವಿನಲ್ಲಿದೆ. ಹೋದ ಚಳಿಗಾಲ ನಾನೇ ಬೀರು ತೆಗೆದು ಕೈಯಲ್ಲಿ ಹಿಡಿದು ನೋಡಿದ್ದೀನಿ. ಬೀರುವಿನ ಕಬ್ಬಿಣ ಕೈ ಕೊರೆಯೋಷ್ಟು ತಣ್ಣಗಿತ್ತು. ಬಟನ್ ಬೆಚ್ಚಗಿತ್ತು.