ಆರು ನಿಮಿಷ ಹಿಂದಿದ್ದ ಗಡಿಯಾರ

ಹೊಲಿಗೆ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕದ ಮೇಜಿನ ಮೇಲುಗಡೆ ಎಲೆಕ್ಟ್ರಿಷಿಯನ್ ಹೊಸ ಗಡಿಯಾರ ಕೂರಿಸುತ್ತಿದ್ದ. ಏಣಿಯ ಪಕ್ಕ ಟೀ ಸಾಲಿನಲ್ಲಿ ನಿಂತ ಇಬ್ಬರು ಹೆಂಗಸರು ಅವನನ್ನು ಗೋಡೆಯ ಮೊಳೆಯಷ್ಟೂ ಲೆಕ್ಕಕ್ಕಿಡದೆ ಮಾತಾಡುತ್ತಿದ್ದರು.

“ಹಳೇದು ನಡೀತಿತ್ತಲ್ಲಕ್ಕಾ, ಯಾಕೆ ಕಿತ್ರು?”

“ಆರು ನಿಮಿಷ ಹಿಂದೆ ನಡೀತಿತ್ತು ಕಣೆ. ಇವು ನೆಟ್‌ವರ್ಕಿಂದ ಟೈಮ್ ತಗೊಳ್ತಾವಂತೆ. ಕಾರ್ಖಾನೆಯ ನಲವತ್ತು ಗಡಿಯಾರಕ್ಕೂ ಒಂದೇ ಬಾಯಿ, ಒಂದೇ ಟೈಮ್.”

“ಆ ಆರು ನಿಮಿಷದಲ್ಲೇ ನನ್ನ ಸಂಸಾರ ನಡೀತಿತ್ತು. ಶಾಲೆ ಗೇಟು ತೆಗೆಯೋದೇ ಎಂಟಕ್ಕೆ. ಮಗಳನ್ನ ಬಿಟ್ಟು ಎದ್ದುಬಿದ್ದು ಓಡಿ ಬಂದ್ರೂ ಇಲ್ಲಿಗೆ ಎಂಟೂ ಇಪ್ಪತ್ತು. ಕೆಲಸ ಶುರು ಎಂಟೂಕಾಲಿಗೆ.”

“ಸೂಪರ್‌ವೈಸರ್‌ಗೆ ಹೇಳು.”

“ಹೇಳ್ದೆ. ಮೂರು ಸಲ ಲೇಟಾದ್ರೆ ಮನೇಲೇ ಇರಮ್ಮ ಅಂದ.”

“ಏಣಿ ಮೇಲಿರೋರನ್ನ ಕೇಳು, ಮುಳ್ಳು ಹಿಂದಕ್ಕೆ ತಿರುಗಿಸ್ತಾರೇನೋ.”

“ಅಣ್ಣಾ, ಆಗುತ್ತಾ?”

“ತಿರುಗಿಸಿದ್ರೂ ತಾನಾಗೇ ಸರಿಹೋಗುತ್ತಮ್ಮಾ,” ಎಂದ ಎಲೆಕ್ಟ್ರಿಷಿಯನ್.

“ಕೇಳಿದ್ಯಾ ಅಕ್ಕಾ? ನನ್ನ ಗಂಡನಿಗೂ ಇಂಥದ್ದೊಂದು ಕೂರಿಸಬೇಕಿತ್ತು.”

“ತಮಾಷೆ ಸಾಕು. ನಾಳೆ ಏನ್ಮಾಡ್ತೀಯ?”

“ಗೇಟು ತೆಗೆಯೋಕೆ ಮುಂಚೆನೇ ಬಿಟ್ಟು ಬರ್ತೀನಿ.”

“ಬೀದೀಲಾ? ಐದು ವರ್ಷದ ಕೂಸನ್ನ?”

“ಗೇಟಿನ ಕಂಬಿ ಬಿಡಬೇಡ, ಯಾರು ಕರೆದ್ರೂ ಹೋಗಬೇಡ ಅಂತ ಇವತ್ತು ಹೇಳಿಕೊಡ್ತೀನಿ.”

“ಹೇಳಿದ್ರೆ ಕೇಳ್ತಾಳಾ?”

“ಕೇಳ್ತಾಳೆ. ಅದಕ್ಕೇ ಭಯ. ಬಾ ಅಂದೋರ ಮಾತನ್ನೂ ಕೇಳ್ತಾಳೆ.”

ಗಂಟೆ ಹೊಡೆಯಿತು. ಟೀ ಸಿಗುವ ಮೊದಲೇ ಇಬ್ಬರೂ ತಮ್ಮ ಮಷೀನುಗಳತ್ತ ಓಡಿದರು.