ಇಲಿಯ ಮೇಲೆ ಹಾಕಿದ ತಪ್ಪು

ತಪ್ಪೊಪ್ಪಿಗೆಯ ಮಾತು ಬಂತಲ್ಲ ತಾಯಂದಿರೇ, ಅಣ್ಣಂದಿರೇ, ಅದಕ್ಕೊಂದು ಕಥೆ ಕೇಳಿ. ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದನಂತೆ. ಮನೆ ತುಂಬ ಅಕ್ಕಿ, ಕತ್ತಿನ ತುಂಬ ಬಿಗುವು. ಅಕ್ಕಿಪೆಟ್ಟಿಗೆಯ ಮೇಲೆ ಕುಳಿತು ಕದ್ದು ಬೆಲ್ಲ ತಿನ್ನುವುದು ಅವನ ಅಭ್ಯಾಸ. ಒಂದು ದಿನ ತಗಡಿನ ಮುಚ್ಚಳ ಕುಸಿಯಿತು. ಇಲಿಯೊಂದು ಸಂಸಾರ ಸಮೇತ ಒಳಗೆ ಬಂದು ನೆಲೆಸಿತು.

"ಮುಚ್ಚಳ ಮುರಿದದ್ದು ಯಾರ್ರೀ?" ಎಂದಳು ಹೆಂಡತಿ.

"ಇಲಿ" ಎಂದ! ನೋಡಿ, ಮೀಸೆಯಲ್ಲಿ ಬೆಲ್ಲ, ಬಾಯಲ್ಲಿ ಇಲಿ.

"ಸರಿ, ಆ ಇಲಿ ಕೈಲೇ ಅಡುಗೆ ಮಾಡಿಸ್ಕೊಳ್ಳಿ" ಎಂದು ಅವಳು ತವರಿಗೆ ಹೊರಟೇಹೋದಳು.

ಮೂರು ದಿನ ಬರೀ ಅವಲಕ್ಕಿ. ನಾಲ್ಕನೆಯ ದಿನ, ಹೊಸ ಮುಚ್ಚಳ ಮಾಡಿಸಿಕೊಟ್ಟರೆ ಬಂದಾಳು ಎಂದುಕೊಂಡು ತಗಡು ಹೊತ್ತು ತಗಡಿನ ಕೆಲಸದವರನ್ನು ಹುಡುಕಿ ಹೊರಟ.

ಮೊದಲನೆಯವನು ಸುತ್ತಿಗೆಯಿಂದ ಬಡಿಯುವವನು. ಬಡಿದ ಕಡೆ ತಗಡು ಹಿಗ್ಗುತ್ತದೆ, ಅಲ್ಲವೆ? ನಡುವೆ ಬಡಿದು ಬಡಿದು, ಮುಚ್ಚಳ ಹೋಗಿ ಬಾಣಲೆಯಾಯಿತು. "ಪೂರಿ ಕರೀಬಹುದು ಬಿಡಿ ಸ್ವಾಮಿ!" ಎಂದ.

ಎರಡನೆಯವನು ಅಚ್ಚಿನಲ್ಲಿಟ್ಟು ಯಂತ್ರದಿಂದ ಒತ್ತುವವನು. ಡಬ್ ಎಂದರೆ ಒಂದು, ಚೆಂದವೇ ಚೆಂದ. ಆದರೆ ಅವನಲ್ಲಿದ್ದದ್ದು ಒಂದೇ ಅಚ್ಚು, ಕುಂಕುಮದ ಭರಣಿಯದು. "ಪೆಟ್ಟಿಗೇನೇ ಚಿಕ್ಕದು ಮಾಡಿಸ್ಕೊಳ್ಳಿ ಯಜಮಾನ್ರೇ!"

ಮೂರನೆಯವಳು ಒಬ್ಬ ಅಜ್ಜಿ. ತಗಡಿನ ಅಂಚನ್ನು ಯಂತ್ರಕ್ಕೆ ಕಚ್ಚಿಸಿ, ಹಿಡಿ ಎಳೆದು ಬಗ್ಗಿಸುವವಳು. ಎಳೆದಳು, ಎಳೆದಳು. ಗೋಡೆಯ ಹಾಗೆ ನಿಲ್ಲಬೇಕಾದ ಅಂಚು ಒಳಕ್ಕೇ ವಾಲಿತು.

"ಅಯ್ಯೋ ಅಜ್ಜೀ, ಹೆಚ್ಚಾಯ್ತು!"

ಅಜ್ಜಿ ಹಿಡಿ ಬಿಟ್ಟಳು. ಅಂಚು ಒಂಚೂರು ಹಿಂದಕ್ಕೆ ಬಂದು ನೆಟ್ಟಗೆ ನಿಂತಿತು. "ತಗಡಿಗೂ ಹಠ ಇರತ್ತೆ ಕಣಪ್ಪಾ. ಕೈ ಬಿಟ್ರೆ ಒಂಚೂರು ಹಿಂದಕ್ಕೆ ಬಂದೇ ಬರತ್ತೆ. ಆ ಒಂಚೂರನ್ನ ಮೊದಲೇ ಸೇರಿಸಿ ಬಗ್ಗಿಸ್ಬೇಕು."

ಸಾಹುಕಾರ ಮುಚ್ಚಳವನ್ನು ತಲೆಯ ಮೇಲಿಟ್ಟುಕೊಂಡು ಮಾವನ ಮನೆಗೆ ಬಂದ.

"ಮುಚ್ಚಳ ನೆಟ್ಟಗಿದೆ. ನೀವು?" ಎಂದಳು ಹೆಂಡತಿ.

"ತಪ್ಪಾಯ್ತು ಕಣೇ."

ಅವಳು ಇನ್ನೇನು ಚೀಲ ಎತ್ತಿಕೊಂಡಳು ಎನ್ನುವಾಗ, "ಆದರೆ ನೀನೂ ಬೆಲ್ಲ ಬಚ್ಚಿಡಬೇಕಿತ್ತು" ಎಂದ. ನೋಡಿದಿರಾ? ಬಂತು ಹಿಂದಕ್ಕೆ! ಚೀಲ ಮತ್ತೆ ಕೆಳಗೆ.

ಆಗ ಅವನಿಗೆ ಅಜ್ಜಿ ನೆನಪಾದಳು. "ಇಲ್ಲ ಕಣೇ, ಮುಚ್ಚಳ ಮುರಿದದ್ದು ನಾನೇ. ಹೋದ ವರ್ಷ ಉಪ್ಪಿನಕಾಯಿ ಜಾಡಿ ಒಡೆದದ್ದೂ ನಾನೇ. ಬೆಕ್ಕು ಒಡೀತು ಅಂದಿದ್ದೆ, ಪಾಪ, ಅದರದ್ದೇನೂ ತಪ್ಪಿಲ್ಲ."

"ಗೊತ್ತಿತ್ತು ಬಿಡಿ. ಬೆಕ್ಕು ಎಲ್ಲಾದ್ರೂ ಚೂರು ಗುಡಿಸಿ ಮಂಚದಡಿ ಇಡತ್ತಾ? ನಡೀರಿ, ಇಲಿ ಕಾಯ್ತಿರತ್ತೆ."

ನಗುತ್ತಿದ್ದೀರಿ. ನಗಿ. ನಿಮ್ಮ ಮನೆಯಲ್ಲಿ ಮುರಿದಿರುವ ಮುಚ್ಚಳ ಯಾವುದು? ನಾವು ಮನೆಯವರನ್ನು ಬಡಿದು ನೋಡುತ್ತೇವೆ, ಎಲ್ಲರನ್ನೂ ಒಂದೇ ಅಚ್ಚಿಗೆ ಒತ್ತಿ ನೋಡುತ್ತೇವೆ. ನಾವೇ ಬಗ್ಗುವುದು ಮಾತ್ರ ನಮಗೆ ಬೇಡ! ಇವತ್ತು ಮನೆಗೆ ಹೋದವರೇ ತಪ್ಪಾಯ್ತು ಎನ್ನಿ. ಹಿಂದೆಯೇ ನಾಲಿಗೆಯ ತುದಿಗೆ ಒಂದು 'ಆದರೆ' ಬರುತ್ತದೆ, ಬಂದೇ ಬರುತ್ತದೆ. ಅದು ಹೊರಬೀಳುವ ಮೊದಲೇ ಇನ್ನೊಂದು ಹಳೆಯ ತಪ್ಪನ್ನು ಒಪ್ಪಿಕೊಂಡುಬಿಡಿ. ಒಂಚೂರು ಹೆಚ್ಚೇ ಬಗ್ಗಿ.

ಮತ್ತೆ, ಹೋಗುವ ಮುಂಚೆ ಮೀಸೆ ಒರೆಸಿಕೊಳ್ಳಬೇಡಿ. ಬೆಲ್ಲ ಅವರಿಗೂ ಕಾಣಲಿ.